ಊರ ಪಟ್ಟಿಯಲ್ಲಿ ಪರದೇಶಿಯ ಹೆಸರು

ನಮ್ಮ ದೇವಲಾಪುರದ ಕಡೆ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ಯದೇಶದವನು ಎಂಬುದು ನಿಘಂಟು ಕೊಡುವ ಅರ್ಥ. ಹಿಂದುಮುಂದಿಲ್ಲದವನು, ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂಬುದು ಜನ ಕೊಟ್ಟ ಅರ್ಥ. ಊರು ಬಿಟ್ಟವನಿಗೆ ಆಸರೆ ತಪ್ಪುತ್ತದೆಂಬ ಹಳೆಯ ಅನುಭವ ಈ ಎರಡನೆಯ ಅರ್ಥದಲ್ಲಿ ಅಡಗಿದೆ. ಪರದೇಶದಲ್ಲಿರುವ ನಮ್ಮವನಿಗೆ ಸ್ವದೇಶದ ಚುನಾವಣೆಯಲ್ಲಿ ಮತವುಂಟೆ, ಉಂಟಾದರೆ ಅವನು ಅದನ್ನು ಚಲಾಯಿಸುವುದು ಹೇಗೆ, ಹಾಗೆ ಚಲಾಯಿಸುವುದು ನ್ಯಾಯವೆ ಎಂಬ ಮೂರು ಪ್ರಶ್ನೆಗಳನ್ನು ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ. ನಾನು ಕಾನೂನು ಓದಿದವನಲ್ಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಆದರೆ ಈ ಪ್ರಶ್ನೆಗಳು ನನ್ನ ಮನೆಯ ಜಗಲಿಗೇ ಬಂದು ಕುಳಿತದ್ದರಿಂದ ಅವುಗಳ ಕಾನೂನನ್ನು ಹುಡುಕಿ ಓದಬೇಕಾಯಿತು.

ಮಂಡ್ಯ ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಕಬ್ಬಿನ ಗದ್ದೆಯೂ ತುಂಬಿ ಹರಿಯುವ ನಾಲೆಯೂ ಕಾಣುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರಗಳ ಮಟ್ಟಿಗೆ ಅದು ನಿಜ. ನಮ್ಮ ನಾಗಮಂಗಲ ತಾಲ್ಲೂಕಿನ ನೆಲ ಬಹುಪಾಲು ಮಳೆಯನ್ನೇ ನಂಬಿದ್ದು; ರಾಗಿ, ಹುರುಳಿ, ತೆಂಗು ನಮ್ಮ ಸಂಪತ್ತು. ಆದುದರಿಂದ ಊರು ಬಿಟ್ಟು ದುಡಿಯುವುದು ನಮ್ಮವರಿಗೆ ಹೊಸತಲ್ಲ. ಬೆಂಗಳೂರಂತೂ ಸರಿಯೆ, ಕೃಷ್ಣರಾಜಪೇಟೆ, ನಾಗಮಂಗಲಗಳ ಎಷ್ಟು ಕುಟುಂಬಗಳು ಮುಂಬಯಿಯಲ್ಲಿ ಅನ್ನ ಸಂಪಾದಿಸುತ್ತಿದ್ದುವೆಂಬುದು 2020ರ ಸಾಂಕ್ರಾಮಿಕದ ಬೇಸಗೆಯಲ್ಲಿ ಅವರೆಲ್ಲ ಹಿಂದಿರುಗಿದಾಗ ನಾಡಿಗೇ ತಿಳಿಯಿತು. ಮೊದಲು ಬೆಂಗಳೂರು, ಆಮೇಲೆ ಮುಂಬಯಿ, ಆಮೇಲೆ ಕಡಲಾಚೆ. ನನ್ನ ಮಗನೂ 2007ರಲ್ಲಿ ಹೆಚ್ಚಿನ ಓದಿಗೆಂದು ಅಮೆರಿಕಕ್ಕೆ ಹೋದ. ಹೋಗುವ ಮೊದಲು, 2004ರ ಚುನಾವಣೆಯಲ್ಲಿ, ಅವನು ದೇವಲಾಪುರದಲ್ಲಿ ಒಮ್ಮೆ ಮತ ಹಾಕಿದ್ದ.

ಅವನು ಹೋದ ಎರಡು ವರ್ಷಕ್ಕೆ ಒಂದು ಭಾನುವಾರ, ಮತದಾರರ ಪಟ್ಟಿಯ ಪರಿಷ್ಕರಣೆಗಾಗಿ ಶಾಲೆಯ ಮೇಷ್ಟರೊಬ್ಬರು ನಮ್ಮ ಮನೆಗೆ ಬಂದರು. ನಾನು ಆಗ ಮಂಡ್ಯದಿಂದ ಊರಿಗೆ ಬಂದಿದ್ದೆ. ಮೇಷ್ಟರು ಒಂದೊಂದೇ ಹೆಸರನ್ನು ಓದುತ್ತ ಮಗನ ಹೆಸರಿಗೆ ಬಂದರು. “ಅವನು ಇದ್ದಾನಾ?” ಎಂದು ಕೇಳಿದರು. ನಮ್ಮ ತಾಯಿ ಒಳಗಿನಿಂದಲೇ, “ಇದ್ದಾನೆ ಬರ್ಕೊಳಪ್ಪ, ಎಲ್ಲೋಗ್ತಾನೆ” ಎಂದರು. ಮೇಷ್ಟರು ನನ್ನ ಮುಖ ನೋಡಿದರು. ನಾನು ನಿಜ ಹೇಳಿದೆ: ಓದು ಮುಗಿಯಿತು, ಅಲ್ಲಿಯೇ ಕೆಲಸಕ್ಕೆ ಸೇರಿದ್ದಾನೆ. ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ತಾಯಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸತ್ತವರ ಹೆಸರನ್ನು ಮಾತ್ರ ಪಟ್ಟಿಯಿಂದ ಹೊಡೆಯುವುದೆಂದು ಅವರು ತಿಳಿದಿದ್ದರು. “ಬದುಕಿರೋ ಮಗನ ಹೆಸರು ಹೊಡೆಸಿದೆಯಲ್ಲೋ” ಎಂಬ ಅವರ ಮಾತೇ ನನ್ನನ್ನು ಕಾನೂನಿನ ಪುಸ್ತಕದ ಕಡೆಗೆ ಕಳುಹಿಸಿತು.

ಮತವೆಂಬುದು ಮನುಷ್ಯನಿಗೆ ಅಂಟಿದ್ದು ಎಂದು ನಾವು ತಿಳಿಯುತ್ತೇವೆ. ಕಾನೂನಿನ ಚರಿತ್ರೆ ನೋಡಿದರೆ ಅದು ಯಾವಾಗಲೂ ಒಂದು ಸ್ಥಳಕ್ಕೆ ಅಂಟಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರಿದಾಗ ದಸರೆಯ ದಿನಗಳಲ್ಲಿ ಮೈಸೂರಿಗೆ ಬಂದವರು ಜಮೀನುಳ್ಳವರು, ವರ್ತಕರು. ಅಂದರೆ ಅಂದಿನ ಪ್ರಾತಿನಿಧ್ಯ ಆಸ್ತಿಗೆ ಅಂಟಿತ್ತು. ಸಂವಿಧಾನದ 326ನೆಯ ಅನುಚ್ಛೇದ ಅದನ್ನು ಆಸ್ತಿಯಿಂದ ಬಿಡಿಸಿ ವಯಸ್ಕರೆಲ್ಲರಿಗೂ ಕೊಟ್ಟಿತು. ಆದರೆ ಯಾವ ಕ್ಷೇತ್ರದಲ್ಲಿ ಎಂಬ ಪ್ರಶ್ನೆಗೆ 1950ರ ಪ್ರಜಾಪ್ರಾತಿನಿಧ್ಯ ಅಧಿನಿಯಮ ಕೊಟ್ಟ ಉತ್ತರ ‘ಸಾಮಾನ್ಯವಾಗಿ ವಾಸವಾಗಿರುವ’ ಕ್ಷೇತ್ರ ಎಂದು. ಆ ಅಧಿನಿಯಮದ 20ನೆಯ ಪ್ರಕರಣ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣದಿಂದ ಒಬ್ಬನು ಅಲ್ಲಿನ ವಾಸಿಯಾಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಊರಿನಿಂದ ಹೊರಗಿದ್ದ ಮಾತ್ರಕ್ಕೆ ಒಬ್ಬನ ವಾಸ ತಪ್ಪಿಹೋಗುವುದೂ ಇಲ್ಲ.

ಇದನ್ನು ಓದಿದಾಗ ನನಗೆ ಮೊದಲು ನಾಚಿಕೆಯಾಯಿತು. ಮಗನ ವಿಷಯದಲ್ಲಿ ಸತ್ಯ ನುಡಿದ ನಾನು ನನ್ನ ವಿಷಯದಲ್ಲಿ ಮೌನವಾಗಿದ್ದೆ. ವರ್ಷಗಳಿಂದ ಮಂಡ್ಯದ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿಕೊಂಡು, ಹೆಸರನ್ನು ಮಾತ್ರ ದೇವಲಾಪುರದ ಪಟ್ಟಿಯಲ್ಲಿ ಉಳಿಸಿಕೊಂಡಿದ್ದೆ. ಚುನಾವಣೆಯ ಹಿಂದಿನ ದಿನ ಬೆಂಗಳೂರಿನಿಂದ ನಮ್ಮ ಕಡೆಗೆ ಬರುವ ಬಸ್ಸುಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಅದರಲ್ಲಿ ಬರುವ ಅನೇಕರು ನನ್ನಂಥವರೇ. ನಿಯಮದ ಅಕ್ಷರದ ಪ್ರಕಾರ ಅವರು ಮತ ಹಾಕಬೇಕಾದದ್ದು ದುಡಿಯುವ ಊರಿನಲ್ಲಿ. ಆದರೆ ಹುಟ್ಟೂರಿನ ಪಟ್ಟಿಯಲ್ಲಿ ಹೆಸರಿರುವುದು ಅವರಿಗೆ ಮತಕ್ಕಿಂತ ದೊಡ್ಡದು. ನಮ್ಮ ತಾಯಿಗೆ ಮೊಮ್ಮಗನ ಹೆಸರು ಹೇಗಿತ್ತೋ ಹಾಗೆ.

ಇನ್ನು ಕಡಲಾಚೆ ಇರುವವರ ಮಾತು. 1950ರ ನಿಯಮದಂತೆ ವಿದೇಶದಲ್ಲಿದ್ದೂ ಮತವುಳ್ಳವರು ಮುಖ್ಯವಾಗಿ ಸರ್ಕಾರವೇ ಕಳುಹಿಸಿದವರು: ರಾಯಭಾರ ಕಚೇರಿಗಳ ನೌಕರರು, ಸೇನೆಯವರು. ಅವರನ್ನು ‘ಸೇವಾ ಮತದಾರ’ರೆಂದು ಕರೆದು ಅಂಚೆಯ ಮೂಲಕ ಮತಪತ್ರ ಕಳುಹಿಸುವ ವ್ಯವಸ್ಥೆಯುಂಟು. 2016ರಿಂದ ಅವರಿಗೆ ಮತಪತ್ರ ವಿದ್ಯುನ್ಮಾನ ಮಾರ್ಗದಲ್ಲಿ ಹೋಗುತ್ತದೆ. ಅವರು ಅದನ್ನು ಅಚ್ಚು ತೆಗೆದು, ಗುರುತು ಹಾಕಿ, ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಎಣಿಕೆ ಆರಂಭವಾಗುವ ಹೊತ್ತಿಗೆ ಅದು ಬಂದು ಸೇರಿರಬೇಕು. ತನ್ನ ಹೊಟ್ಟೆಪಾಡಿಗಾಗಿ ತಾನೇ ಹೋದವನಿಗೆ ಈ ಅನುಕೂಲವಿರಲಿಲ್ಲ. ಅವನ ಹೆಸರೇ ಪಟ್ಟಿಯಿಂದ ಹೋಗುತ್ತಿತ್ತು. ನನ್ನ ಮಗನದು ಹೋದದ್ದು ಹೀಗೆ.

ಅರುವತ್ತು ವರ್ಷ ಹೀಗೆಯೇ ನಡೆದ ಮೇಲೆ 2010ರಲ್ಲಿ ಸಂಸತ್ತು ಅಧಿನಿಯಮಕ್ಕೆ 20ಎ ಎಂಬ ಹೊಸ ಪ್ರಕರಣವನ್ನು ಸೇರಿಸಿತು. 2011ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂದಿತು. ಓದು, ಉದ್ಯೋಗ ಅಥವಾ ಬೇರೆ ಕಾರಣದಿಂದ ವಿದೇಶದಲ್ಲಿರುವ, ಆದರೆ ಬೇರೆ ದೇಶದ ಪೌರತ್ವವನ್ನು ಪಡೆಯದಿರುವ ಭಾರತೀಯನು ತನ್ನ ಪಾಸ್‌ಪೋರ್ಟಿನಲ್ಲಿ ನಮೂದಾದ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು ಎಂಬುದು ಅದರ ಸಾರ. ಹೀಗೆ ಮೊದಲು ಆಸ್ತಿಗೂ ಆಮೇಲೆ ವಾಸಕ್ಕೂ ಅಂಟಿದ್ದ ಮತ, ಇವರ ಮಟ್ಟಿಗೆ, ಪಾಸ್‌ಪೋರ್ಟಿನ ವಿಳಾಸಕ್ಕೆ ಅಂಟಿಕೊಂಡಿತು.

ಅದರ ಕ್ರಮ ಕಷ್ಟದ್ದಲ್ಲ. ‘ನಮೂನೆ 6ಎ’ ಎಂಬ ಅರ್ಜಿಯನ್ನು ತುಂಬಬೇಕು. ಪಾಸ್‌ಪೋರ್ಟಿನ ಭಾವಚಿತ್ರ ಮತ್ತು ವಿಳಾಸವಿರುವ ಪುಟಗಳನ್ನೂ ಆ ದೇಶದಲ್ಲಿ ಇರಲು ಕೊಟ್ಟ ವೀಸಾದ ಪ್ರತಿಯನ್ನೂ ತಾನೇ ದೃಢೀಕರಿಸಿ ಜೊತೆಗಿಟ್ಟು ತನ್ನ ಕ್ಷೇತ್ರದ ನೋಂದಣಾಧಿಕಾರಿಗೆ ಕಳುಹಿಸಬೇಕು. ಈಗ ಅದನ್ನು ಗಣಕಯಂತ್ರದ ಮೂಲಕವೂ ಮಾಡಬಹುದು. ಮತಗಟ್ಟೆಯ ಅಧಿಕಾರಿ ಊರಿನ ಮನೆಗೆ ಬಂದು ವಿಚಾರಿಸುತ್ತಾರೆ. ಎಲ್ಲವೂ ಸರಿಯಾಗಿದ್ದರೆ ಆ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ ‘ಸಾಗರೋತ್ತರ ಮತದಾರರು’ ಎಂಬ ಪ್ರತ್ಯೇಕ ಭಾಗದಲ್ಲಿ ಹೆಸರು ಬರುತ್ತದೆ. ಅವರಿಗೆ ಗುರುತಿನ ಚೀಟಿ ಕೊಡುವುದಿಲ್ಲ. ಮತದಾನದ ದಿನ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು. ಹಿಂದಿರುಗಿ ಊರಿನಲ್ಲಿಯೇ ನೆಲಸಿದರೆ ಅಧಿಕಾರಿಗೆ ತಿಳಿಸಿ ಸಾಮಾನ್ಯ ಮತದಾರರ ಪಟ್ಟಿಗೆ ಬರಬೇಕು. ನನ್ನ ಮಗ 2012ರಲ್ಲಿ ಹೀಗೆ ಅರ್ಜಿ ಹಾಕಿದ. ಪಟ್ಟಿಯ ಕೊನೆಯ ಹಾಳೆಯಲ್ಲಿ ಅವನದೊಂದೇ ಹೆಸರು ಅಚ್ಚಾಗಿ ಬಂತು. ನಮ್ಮ ತಾಯಿಗೆ ಓದು ಬರದು. ಆದರೂ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಸಿಕೊಂಡರು.

ಕೇಳುಗರು ಇಲ್ಲಿ ಒಂದು ಪದವನ್ನು ಗಮನಿಸಬೇಕು: ‘ತೋರಿಸಬೇಕು.’ ಅಂದರೆ ಮತದಾರ ಸ್ವತಃ ಬರಬೇಕು. ಹೆಸರು ಪಟ್ಟಿಯಲ್ಲಿ ಇರಬಹುದು, ದೇಹ ಮತಗಟ್ಟೆಯಲ್ಲಿ ಇರಬೇಕು. ಅಂಚೆಯಿಲ್ಲ, ಬದಲಿ ವ್ಯಕ್ತಿಯಿಲ್ಲ, ರಾಯಭಾರ ಕಚೇರಿಯಲ್ಲಿ ಪೆಟ್ಟಿಗೆಯಿಲ್ಲ. ಇದರ ಪರಿಣಾಮವನ್ನು ಅಂಕಿಗಳು ಹೇಳುತ್ತವೆ. ಮಕ್ಕಳೂ ಸೇರಿ ಭಾರತದ ಪೌರರಾಗಿಯೇ ಹೊರದೇಶಗಳಲ್ಲಿರುವವರು ಒಂದೂವರೆ ಕೋಟಿಗೂ ಹೆಚ್ಚು. 2024ರ ಲೋಕಸಭಾ ಚುನಾವಣೆಯಲ್ಲಿ ಹೆಸರು ಬರೆಸಿದ್ದವರು 1,19,374 ಮಂದಿ. ಬಂದು ಮತ ಹಾಕಿದವರು 2,958 ಮಂದಿ ಮಾತ್ರ. ಅವರಲ್ಲಿ 2,670 ಮಂದಿ ಕೇರಳದವರು. 2019ರಲ್ಲಿ 99,844 ಮಂದಿಯ ಪೈಕಿ 25,606 ಮಂದಿ ಬಂದಿದ್ದರು. ಅಂದೂ ಕೆಲವರನ್ನು ಬಿಟ್ಟರೆ ಉಳಿದವರೆಲ್ಲ ಕೇರಳದವರೇ. ಇಡೀ ದೇಶಕ್ಕೆ ಕೊಟ್ಟ ಹಕ್ಕು ಒಂದು ರಾಜ್ಯದಲ್ಲಿ ಮಾತ್ರ ಸ್ವಲ್ಪವಾದರೂ ಬಳಕೆಯಾಗಿದೆ.

ಕೇರಳದಲ್ಲೇ ಹೀಗೇಕೆ? ಅವರು ನಮಗಿಂತ ಹೆಚ್ಚು ದೇಶಭಕ್ತರೆಂದಲ್ಲ. ಕೊಲ್ಲಿ ದೇಶಗಳಿಂದ ಕೇರಳಕ್ಕೆ ನಾಲ್ಕು ಗಂಟೆಯ ವಿಮಾನ ಪ್ರಯಾಣ. ಅಲ್ಲಿನ ಮಲಯಾಳಿ ಸಂಘಟನೆಗಳು ಮತದಾನದ ಕಾಲಕ್ಕೆ ಒಟ್ಟಾಗಿ ಟಿಕೆಟ್ಟು ಮಾಡಿಸಿ ಜನರನ್ನು ಕರೆತರುತ್ತವೆ. ಅದಕ್ಕಿಂತ ಆಳವಾದ ಕಾರಣ ಇನ್ನೊಂದು. ಕೊಲ್ಲಿಯ ದೇಶಗಳು ಹೊರಗಿನವರಿಗೆ ಸಾಮಾನ್ಯವಾಗಿ ಪೌರತ್ವ ಕೊಡುವುದಿಲ್ಲ. ಮೂವತ್ತು ವರ್ಷ ದುಡಿದರೂ ಅವನು ಭಾರತೀಯನಾಗಿಯೇ ಉಳಿಯುತ್ತಾನೆ, ಮುಪ್ಪಿಗೆ ಮನೆಗೇ ಬರುತ್ತಾನೆ. ಆದುದರಿಂದ ಊರಿನ ಶಾಸಕ ಯಾರೆಂಬುದು ಅವನಿಗೆ ನಾಳಿನ ಪ್ರಶ್ನೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಿಗೆ ಹೋದ ನಮ್ಮ ಮಕ್ಕಳು ಹತ್ತು ಹದಿನೈದು ವರ್ಷದಲ್ಲಿ ಅಲ್ಲಿಯವರೇ ಆಗುತ್ತಾರೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅವರು 2015ರಿಂದ 2025ರವರೆಗೆ ಕೆನಡಾ ಸಂಸತ್ತಿನ ಸದಸ್ಯರಾಗಿದ್ದು, 2022ರಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದುದನ್ನು ನಾವೆಲ್ಲ ಹೆಮ್ಮೆಯಿಂದ ಕೇಳಿದೆವು. ಆ ಹೆಮ್ಮೆಯ ಇನ್ನೊಂದು ಮುಖವೆಂದರೆ, ಅಲ್ಲಿನ ಪೌರನಾದವನಿಗೆ ಇಲ್ಲಿ ಮತವಿಲ್ಲ.

ಸ್ವತಃ ಬರಬೇಕೆಂಬ ನಿಯಮ ಬರಿಯ ಹಟವೆಂದು ತಿಳಿಯಬಾರದು. ಕೇರಳದಲ್ಲಿಯೇ, ಕನ್ನಡಿಗರು ಬಹಳವಾಗಿರುವ ಕಾಸರಗೋಡಿನ ಮಂಜೇಶ್ವರ ಕ್ಷೇತ್ರದಲ್ಲಿ, 2016ರ ವಿಧಾನಸಭಾ ಚುನಾವಣೆ ಕೇವಲ 89 ಮತಗಳಿಂದ ತೀರ್ಮಾನವಾಯಿತು. ಸತ್ತವರ ಹೆಸರಿನಲ್ಲಿ, ವಿದೇಶದಲ್ಲಿರುವವರ ಹೆಸರಿನಲ್ಲಿ ಬೇರೆಯವರು ಮತ ಹಾಕಿದ್ದಾರೆಂದು ಸೋತ ಅಭ್ಯರ್ಥಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಆರೋಪ ಸಾಬೀತಾಗಲಿಲ್ಲ, ನಡುವೆ ಗೆದ್ದವರು ತೀರಿಕೊಂಡರು, 2019ರಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು. ಆದರೂ ಆ ಪ್ರಕರಣ ಒಂದು ಮಾತನ್ನು ತೋರಿಸಿತು. ಊರಿನಲ್ಲಿಲ್ಲದವನ ಹೆಸರು ಪಟ್ಟಿಯಲ್ಲಿದ್ದರೆ ಅದರ ಸುತ್ತ ಅನುಮಾನ ಹುಟ್ಟುವುದು ಸುಲಭ. ನಮ್ಮ ತಾಯಿಯ ಪ್ರೀತಿಯ “ಇದ್ದಾನೆ ಬರ್ಕೊಳಪ್ಪ” ಎಂಬ ಮಾತು ಕೂಡ ಇಂಥ ಅನುಮಾನಕ್ಕೆ ಬಾಗಿಲಾಗಬಹುದಿತ್ತು. ಪಟ್ಟಿಗಾಗಿ ಸುಳ್ಳು ಘೋಷಣೆ ಮಾಡುವುದು ಶಿಕ್ಷಾರ್ಹವೆಂದೂ ಅಧಿನಿಯಮ ಹೇಳುತ್ತದೆ.

ಇಷ್ಟು ಕೆಲವು ಮತಗಳಿಂದ ಏನಾದೀತೆಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿಯೇ ಇದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಗೆದ್ದ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಸೋತ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು ಮತ. ಆ ದಿನ ಆ ಕ್ಷೇತ್ರದಿಂದ ಹೊರಗಿದ್ದ ಪ್ರತಿಯೊಬ್ಬನೂ ಫಲಿತಾಂಶ ಕೇಳಿ ತನ್ನನ್ನು ತಾನು ಪ್ರಶ್ನಿಸಿಕೊಂಡಿರಬೇಕು.

ಬೇರೆ ದೇಶಗಳು ಏನು ಮಾಡಿವೆ? ದೂರದವನ ಮತವನ್ನು ತರಿಸಿಕೊಳ್ಳುವ ಯೋಚನೆ ಬಹು ಹಳೆಯದು; ರೋಮಿನ ಅಗಸ್ಟಸ್ ಚಕ್ರವರ್ತಿ ಇಟಲಿಯ ವಸಾಹತುಗಳ ಪ್ರಮುಖರು ತಮ್ಮ ಮತವನ್ನು ಮೊಹರು ಮಾಡಿ ರೋಮಿಗೆ ಕಳುಹಿಸುವಂತೆ ಏರ್ಪಡಿಸಿದ್ದನೆಂದು ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಇಂದು ಫ್ರಾನ್ಸು 2012ರಿಂದ ಹೊರದೇಶಗಳಲ್ಲಿರುವ ತನ್ನ ಪೌರರಿಗಾಗಿ ಹನ್ನೊಂದು ಪ್ರತ್ಯೇಕ ಕ್ಷೇತ್ರಗಳನ್ನೇ ಇಟ್ಟಿದೆ. ಬ್ರಿಟನ್ನು ದೇಶ ಬಿಟ್ಟು ಹದಿನೈದು ವರ್ಷವಾದ ಮೇಲೆ ಮತವಿಲ್ಲವೆಂಬ ತನ್ನ ಮಿತಿಯನ್ನು 2024ರ ಜನವರಿಯಲ್ಲಿ ತೆಗೆದುಹಾಕಿತು. ಐರ್ಲೆಂಡು ಮಾತ್ರ ನಮ್ಮ ಹಾಗೆಯೇ, ಸರ್ಕಾರದ ಕೆಲವು ನೌಕರರನ್ನು ಬಿಟ್ಟರೆ, ಹೊರಗಿನಿಂದ ಮತ ಹಾಕಲು ಬಿಡುವುದಿಲ್ಲ; 2015ರ ಮತ್ತು 2018ರ ಜನಮತಗಣನೆಗಳಿಗಾಗಿ ಅಲ್ಲಿನ ಯುವಕರು ವಿಮಾನ ಹಡಗುಗಳಲ್ಲಿ ಮನೆಗೆ ಬಂದದ್ದು ಸುದ್ದಿಯಾಗಿತ್ತು. ಒಂದು ಸೋಜಿಗವನ್ನೂ ಹೇಳಬೇಕು: ಲಂಡನ್ನಿನಲ್ಲಿ ವಾಸವಾಗಿರುವ ಭಾರತೀಯ ಪೌರ, ಕಾಮನ್‌ವೆಲ್ತ್ ದೇಶದವನೆಂಬ ಕಾರಣದಿಂದ, ಬ್ರಿಟನ್ನಿನ ಸಂಸತ್ತಿಗೆ ಮತ ಹಾಕಬಲ್ಲ. ಅಲ್ಲಿಯೇ ಕುಳಿತು ತನ್ನ ಊರಿನ ಶಾಸಕನಿಗೆ ಹಾಕಲಾರ.

ನಮ್ಮಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ವಿದೇಶದಲ್ಲಿರುವವನು ಊರಿನಲ್ಲಿ ಒಬ್ಬ ಪ್ರತಿನಿಧಿಯನ್ನು ನೇಮಿಸಿ ಅವನ ಮೂಲಕ ಮತ ಹಾಕಿಸಬಹುದೆಂಬ ಮಸೂದೆಯನ್ನು 2018ರ ಆಗಸ್ಟಿನಲ್ಲಿ ಲೋಕಸಭೆ ಅಂಗೀಕರಿಸಿತು. ರಾಜ್ಯಸಭೆಯ ಒಪ್ಪಿಗೆ ದೊರೆಯುವ ಮೊದಲೇ 2019ರಲ್ಲಿ ಲೋಕಸಭೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. ನನಗೆ ಅದರ ಬಗ್ಗೆ ದುಃಖವಿಲ್ಲ. ಮಗನ ಮತವನ್ನು ತಂದೆ ಹಾಕುವುದೆಂದರೆ ತಂದೆಗೆ ಎರಡು ಮತವೆಂದೇ ಅರ್ಥ. ಗುಪ್ತಮತದ ಗೌರವವೇ ಅಲ್ಲಿ ಉಳಿಯುವುದಿಲ್ಲ. 2020ರಲ್ಲಿ ಚುನಾವಣಾ ಆಯೋಗ, ಸೇವಾ ಮತದಾರರಿಗೆ ಇರುವಂಥ ವಿದ್ಯುನ್ಮಾನ ಮತಪತ್ರವನ್ನು ಇವರಿಗೂ ಕಳುಹಿಸಲು ತಾನು ಸಿದ್ಧವೆಂದು ಕೇಂದ್ರ ಸರ್ಕಾರಕ್ಕೆ ತಿಳಿಸಿತು. ಇದು ನನಗೆ ಮೆಚ್ಚುಗೆಯಾದ ದಾರಿ. ಆದರೆ 2024ರ ಮಹಾಚುನಾವಣೆ ಬಂದಾಗಲೂ ಅದು ಜಾರಿಗೆ ಬಂದಿರಲಿಲ್ಲ. ದೇಶದೊಳಗೇ ವಲಸೆ ಹೋದವರಿಗಾಗಿ, ಎಂದರೆ ಮುಂಬಯಿಯಲ್ಲಿರುವ ನಮ್ಮ ಕೃಷ್ಣರಾಜಪೇಟೆಯವರಂಥವರಿಗಾಗಿ, 72 ಕ್ಷೇತ್ರಗಳ ಮತವನ್ನು ಒಂದೇ ಕಡೆ ಪಡೆಯಬಲ್ಲ ಯಂತ್ರದ ಮಾದರಿಯನ್ನು 2023ರ ಜನವರಿಯಲ್ಲಿ ಆಯೋಗ ರಾಜಕೀಯ ಪಕ್ಷಗಳ ಮುಂದಿಟ್ಟಿತು. ಪಕ್ಷಗಳ ಆಕ್ಷೇಪಗಳ ನಡುವೆ ಅದೂ ಬಳಕೆಗೆ ಬರಲಿಲ್ಲ.

ಆದರೆ ಬಂದು ಮತ ಹಾಕುವುದರಲ್ಲಿ ಒಂದು ಗುಣವುಂಟೆಂಬುದನ್ನು ನಾನು ಕಣ್ಣಾರೆ ಕಂಡೆ. 2018ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಮದುವೆಯಿತ್ತು. ವಿಧಾನಸಭೆಯ ಮತದಾನ 12ನೆಯ ತಾರೀಖು. ಮಗ ಎರಡಕ್ಕೂ ಸೇರುವಂತೆ ಬಂದ. ಬಂದ ಮೊದಲ ದಿನ ಅವನ ಮಾತೆಲ್ಲ ರಾಜ್ಯದ, ದೆಹಲಿಯ ಮಾತು. ಯಾವ ನಾಯಕ ಏನೆಂದ, ಯಾವ ಸಮೀಕ್ಷೆ ಏನು ಹೇಳಿತು ಎಂಬುದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಎರಡು ಸಂಜೆ ಜಗಲಿಯಲ್ಲಿ ಕುಳಿತ. ಬಂದವರು ಹೋದವರು ಬೋರ್‌ವೆಲ್ಲಿನ ಆಳ, ಒಣಗುತ್ತಿರುವ ತೆಂಗು, ಕೆರೆಗೆ ನೀರು, ಶಾಲೆಯಲ್ಲಿ ಇಳಿಯುತ್ತಿರುವ ಮಕ್ಕಳ ಸಂಖ್ಯೆ ಇವನ್ನೇ ಮಾತಾಡಿದರು. ಮತದಾನದ ದಿನ ಸಾಲಿನಲ್ಲಿ ನಿಂತಾಗ ಮುಂದಿನವರು ಹಿಂದಿನವರು ಎಲ್ಲರೂ “ಯಾವಾಗ ಬಂದೆಯಪ್ಪ?” ಎಂದೇ ಕೇಳಿದರು. ಪಾಸ್‌ಪೋರ್ಟು ತೋರಿಸಿ, ಕೊನೆಯ ಹಾಳೆ ತೆರೆಸಿ, ಮತ ಹಾಕಿ ಹೊರಗೆ ಬಂದವನು, “ಅಲ್ಲಿಂದ ಹೊರಡುವಾಗ ಯಾರಿಗೆ ಹಾಕಬೇಕೆಂದಿದ್ದೆನೋ ಅವರಿಗೆ ಹಾಕಲಿಲ್ಲ” ಎಂದ. ಯಾರಿಗೆ ಹಾಕಿದನೆಂದು ನಾನು ಕೇಳಲಿಲ್ಲ.

ದೂರದಿಂದ ಚುನಾವಣೆಯನ್ನು ನೋಡುವುದೆಂದರೆ ಏನೆಂದು ನನಗೆ ತಿಳಿದದ್ದು 2024ರಲ್ಲಿ. ಆ ವರ್ಷ ಮಾರ್ಚಿಯಿಂದ ಜೂನ್‌ವರೆಗೆ ನಾನು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೆ. ನಿವೃತ್ತನಾದ ಮೇಲೆ ನಾನು ದೇವಲಾಪುರದಲ್ಲಿಯೇ ನೆಲಸಿದ್ದರಿಂದ ನನ್ನ ಹೆಸರು ಈಗ ನ್ಯಾಯವಾಗಿಯೇ ಊರಿನ ಪಟ್ಟಿಯಲ್ಲಿತ್ತು. ಮೂರು ತಿಂಗಳ ಪ್ರವಾಸ ತಾತ್ಕಾಲಿಕವಾದ್ದರಿಂದ ಅದು ಹಾಗೆಯೇ ಉಳಿದಿತ್ತು. ಆದರೆ ನಾನಿರಲಿಲ್ಲ. ಏಪ್ರಿಲ್ 26ರ ಬೆಳಿಗ್ಗೆ ಏಳಕ್ಕೆ ಮಂಡ್ಯ ಕ್ಷೇತ್ರದಲ್ಲಿ ಮತದಾನ ಆರಂಭವಾದಾಗ ನಮಗೆ ಹಿಂದಿನ ರಾತ್ರಿ ಒಂಬತ್ತೂವರೆ. ಕೈಯಲ್ಲಿ ಮೊಬೈಲು ಹಿಡಿದು ಕುಳಿತೆ. ಮಂಡ್ಯದ ಸುದ್ದಿ ಬಂತು, ಬೆಂಗಳೂರಿನ ಸುದ್ದಿ ಬಂತು, ಸುಳ್ಳೋ ನಿಜವೋ ತಿಳಿಯದ ನೂರು ಸಂದೇಶಗಳು ಬಂದವು. ನಮ್ಮ ಮತಗಟ್ಟೆಯ ಮುಂದೆ ಸಾಲು ಎಷ್ಟು ಉದ್ದವಿದೆ ಎಂಬುದು ಮಾತ್ರ ಎಲ್ಲಿಯೂ ಬರಲಿಲ್ಲ. ಮಗನ ಮೊದಲ ದಿನದ ಮಾತುಗಳು ದೆಹಲಿಯ ಮಾತುಗಳೇ ಆಗಿದ್ದುದೇಕೆಂದು ಆಗ ಅರ್ಥವಾಯಿತು. ದೂರಕ್ಕೆ ತಲುಪುವುದು ದೊಡ್ಡ ಸದ್ದು ಮಾತ್ರ.

ಮಾರನೆಯ ದಿನ ನನ್ನ ಎಡಗೈ ಬೆರಳನ್ನು ನೋಡಿಕೊಂಡೆ. ಮತದಾನದ ಮರುದಿನ ಅದರ ಮೇಲೆ ಶಾಯಿಯಿಲ್ಲದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಅದನ್ನು ದೇಶಕ್ಕೆಲ್ಲ ಒದಗಿಸುತ್ತಿದೆ. ಅದರಲ್ಲಿರುವ ಬೆಳ್ಳಿಯ ಲವಣ ಚರ್ಮದಲ್ಲಿ ಬೇರೂರಿ ಬಹಳ ದಿನ ಉಳಿಯುತ್ತದೆ. ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಆ ಶಾಯಿ ಹೋಗಿದೆ. ಮೈಸೂರಿನ ಶಾಯಿ ಕಡಲು ದಾಟುತ್ತದೆ, ಅಲ್ಲಿರುವ ಮೈಸೂರು ಸೀಮೆಯವನ ಬೆರಳಿಗೆ ಮಾತ್ರ ತಗಲದು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಭಾಷಣ ಅಪೂರ್ಣವಾಗುತ್ತದೆ. 2022ರಲ್ಲಿ ನನ್ನ ಮಗ ಅಮೆರಿಕದ ಪೌರತ್ವವನ್ನು ಸ್ವೀಕರಿಸಿದ. ನಮ್ಮ ಸಂವಿಧಾನ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ‘ಸಾಗರೋತ್ತರ ಭಾರತೀಯ ಪೌರ’ ಎಂಬ ಚೀಟಿಯೊಂದನ್ನು ಸರ್ಕಾರ ಕೊಡುತ್ತದೆ, ಅದರಿಂದ ಬರಲು ಇರಲು ಅನುಕೂಲ. ಹೆಸರಿನಲ್ಲಿ ‘ಪೌರ’ ಎಂದಿದ್ದರೂ ಅದಕ್ಕೆ ಮತವಿಲ್ಲ. ಆದುದರಿಂದ ಕೊನೆಯ ಹಾಳೆಯ ಆ ಹೆಸರು ಹೋಗಬೇಕಾಗಿತ್ತು. ಮಗ ಫೋನಿನಲ್ಲಿ, “ಅಪ್ಪ, ನೀವೇ ಹೋಗಿ ತೆಗೆಸಿಬಿಡಿ” ಎಂದ. ಅದೇ ಕ್ಷೇತ್ರದ ಮತದಾರ ‘ನಮೂನೆ 7’ರಲ್ಲಿ ಅರ್ಜಿ ಕೊಡಬಹುದು. ನಾನು ನಾಗಮಂಗಲಕ್ಕೆ ಹೋದೆ. ಹೆಸರು ತೆಗೆಯಲು ಕಾರಣವೇನೆಂದು ಅರ್ಜಿಯಲ್ಲಿ ಕೆಲವು ಆಯ್ಕೆಗಳಿವೆ: ಮರಣ, ಸ್ಥಳಾಂತರ ಇತ್ಯಾದಿ. ಅವುಗಳಲ್ಲೊಂದು ‘ಭಾರತದ ಪೌರನಲ್ಲ’ ಎಂಬುದು. ನನ್ನ ಮಗನ ಹೆಸರಿನ ಎದುರು ಆ ಚೌಕದಲ್ಲಿ ಗುರುತು ಹಾಕಿದವನು ನಾನು. ಗುಮಾಸ್ತರು ಅರ್ಜಿ ನೋಡಿ, “ಸಂಬಂಧ?” ಎಂದು ಕೇಳಿದರು. “ತಂದೆ” ಎಂದೆ. ಅವರು ಇನ್ನೇನೂ ಕೇಳದೆ ಮೊಹರು ಹಾಕಿದರು. ನಮ್ಮ ತಾಯಿ ಆ ವೇಳೆಗೆ ತೀರಿಕೊಂಡಿದ್ದರು. ಎರಡನೆಯ ಸಲ ಅವರಿಗೆ ಉತ್ತರ ಹೇಳುವ ಕಷ್ಟ ನನಗೆ ಬರಲಿಲ್ಲ.

2024ರ ನವೆಂಬರಿನಲ್ಲಿ ಮಗ ಅಲ್ಲಿನ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದ. ಮತಪತ್ರ ಅವನ ಮನೆಗೇ ಅಂಚೆಯಲ್ಲಿ ಬಂದಿತ್ತಂತೆ. ಆ ದೇಶದ ಕಾನೂನಿನಂತೆ, ಅವನು ನಾಳೆ ದೇವಲಾಪುರಕ್ಕೆ ಬಂದು ನಮ್ಮ ಜಗಲಿಯಲ್ಲಿ ನೆಲಸಿದರೂ ಮತಪತ್ರ ಅವನಿಗೆ ಬರುತ್ತದೆ. ಕೇಳಿಕೊಂಡರೆ ಚುನಾವಣೆಗೆ 45 ದಿನ ಮೊದಲೇ ಕಳುಹಿಸಬೇಕೆಂದು ಅಲ್ಲಿ ನಿಯಮವಿದೆ. ಅಂದರೆ ದೇವಲಾಪುರದಲ್ಲಿ ಕುಳಿತು ವಾಷಿಂಗ್ಟನ್ನಿಗೆ ಮತ ಹಾಕಬಹುದು. ವಾಷಿಂಗ್ಟನ್ನಿನಲ್ಲಿ ಕುಳಿತು ದೇವಲಾಪುರಕ್ಕೆ ಹಾಕಲಾಗದು.

ಹಾಗಾದರೆ ನನ್ನ ಅಭಿಪ್ರಾಯವೇನು? ಊರಿನ ಕಷ್ಟಸುಖ ಅನುಭವಿಸದವನು ಊರಿನ ಪ್ರತಿನಿಧಿಯನ್ನು ಆರಿಸುವುದು ಸರಿಯೆ ಎಂಬ ಆಕ್ಷೇಪಕ್ಕೆ ತೂಕವುಂಟು. 2018ರ ಆ ಎರಡು ಸಂಜೆಗಳನ್ನು ಕಂಡ ಮೇಲೆ ಅದನ್ನು ಅಲ್ಲಗಳೆಯಲಾರೆ. ಆದರೆ ಕೊಲ್ಲಿಯಲ್ಲಿ ದುಡಿದು ಇಲ್ಲಿ ಮನೆ ಕಟ್ಟುವವನು, ವಯಸ್ಸಾದ ತಂದೆತಾಯಿಯರನ್ನು ಇಲ್ಲಿ ಬಿಟ್ಟು ಹೋದವನು, ನಾಳೆ ಹಿಂದಿರುಗಲಿರುವ ವಿದ್ಯಾರ್ಥಿ, ಇವರು ಊರಿನ ಕಷ್ಟಸುಖದಿಂದ ಹೊರಗಾದವರಲ್ಲ. ಹಿಂದಿರುಗುವ ಪಾಸ್‌ಪೋರ್ಟನ್ನು ಇನ್ನೂ ಕೈಯಲ್ಲಿಟ್ಟುಕೊಂಡಿರುವುದೇ ಅದಕ್ಕೆ ಸಾಕ್ಷಿ. ಅವರಿಗೆ ಹೆಸರನ್ನು ಕೊಟ್ಟು ದಾರಿಯನ್ನು ಕೊಡದಿರುವುದು, ಊಟಕ್ಕೆ ಕರೆದು ಎಲೆ ಹಾಕದಿರುವ ಹಾಗೆ. ಸೈನಿಕನಿಗೆ ನಂಬಿ ಕಳುಹಿಸುವ ಮತಪತ್ರವನ್ನು, ತಕ್ಕ ಪರಿಶೀಲನೆಯೊಡನೆ, ಅವನಿಗೂ ಕಳುಹಿಸಬಹುದೆಂದು ನನಗೆ ತೋರುತ್ತದೆ.

ಅದು ಆಗುವವರೆಗೆ ನಾವು ಮಾಡಬಹುದಾದದ್ದು ಸ್ವಲ್ಪವುಂಟು. ನಮ್ಮ ಹೋಬಳಿಯಲ್ಲಿಯೇ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಹಲವಿವೆ. ಮತಗಟ್ಟೆಯ ಅಧಿಕಾರಿ ಬಂದಾಗ ಅವರು ಅನುಮಾನಿಸುತ್ತ, ಅರ್ಧ ಸತ್ಯ ಹೇಳುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೆ: ಮಗಳು ಅಥವಾ ಮಗ ಇಲ್ಲಿಲ್ಲವೆಂದು ನಿಜ ಹೇಳಿ, ಹೆಸರು ಹೋದೀತೆಂದು ಹೆದರಬೇಡಿ, ಪಾಸ್‌ಪೋರ್ಟು ಭಾರತದ್ದಾದರೆ ನಮೂನೆ 6ಎ ಇದೆ, ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸ ಸರಿಯಾಗಿದೆಯೇ ನೋಡಿಕೊಳ್ಳಲಿ, ಚುನಾವಣೆಗೆ ತಿಂಗಳುಗಳ ಮೊದಲೇ ಪಟ್ಟಿಯಲ್ಲಿ ಹೆಸರು ಹುಡುಕಲಿ, ರಜೆಗೆ ಬರುವುದಿದ್ದರೆ ಮತದಾನದ ದಿನಕ್ಕೆ ಹೊಂದುವಂತೆ ಬರಲಿ, ಸಾಧ್ಯವಾದರೆ ಎರಡು ದಿನ ಮೊದಲೇ ಬಂದು ಜಗಲಿಯಲ್ಲಿ ಕುಳಿತುಕೊಳ್ಳಲಿ. ಕಳೆದ ಸಲ ನಮ್ಮ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ ಆ ಹಾಳೆ ಇರಲಿಲ್ಲ. ಮುಂದಿನ ಸಲ ಅದು ಇರಲಿ, ಅದರಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳಿರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.